ಡಬ್ಬಿಯಲ್ಲಿ ಬರುವ ಬಲ

ನಮ್ಮ ಸಂಘದ ಕುಟುಂಬಗಳಲ್ಲಿ ಈಚೆಗೆ ಅಂಗಸಾಧನೆಯ ಉತ್ಸಾಹ ಹೆಚ್ಚಿರುವುದು ಸಂತೋಷದ ಸಂಗತಿ. ದಿನವಿಡೀ ಕಚೇರಿಯ ಕುರ್ಚಿಯಲ್ಲಿ ಕೂಡುವ ಮಹನೀಯರೂ ಜನವರಿಯ ಮುಂಬಯಿ ಮ್ಯಾರಥಾನಿಗೆಂದು ಬೆಳಕು ಹರಿಯುವ ಮುನ್ನ ಓಡುತ್ತಾರೆ. ಹುಡುಗರು ಜಿಮ್ಮಿಗೆ ಹೋಗುತ್ತಾರೆ. ಆದರೆ ಓಟದ ಬೂಟ್ಸು ಬಂದ ಮನೆಗೆ ಅದರ ಬೆನ್ನಿಗೇ ಸೀಸೆ ಡಬ್ಬಿಗಳೂ ಬರುತ್ತವೆ: ವಿಟಮಿನ್ ಗುಳಿಗೆ, ಪ್ರೋಟೀನ್ ಪುಡಿ, ಶಕ್ತಿವರ್ಧಕವೆಂದು ಬರೆದ ಇನ್ನೇನೋ. ದಣಿಯುವ ದೇಹಕ್ಕೆ ಇವು ಬೇಕೆ? ಮನೆಯ ತಿಂಗಳ ಲೆಕ್ಕ ಬರೆಯುವವರು ಕೇಳಲೇಬೇಕಾದ ಪ್ರಶ್ನೆ.

ಜೀವಸತ್ವಗಳ ಮಹಿಮೆಯನ್ನು ನಾವು ಅಲ್ಲಗಳೆಯುವವರಲ್ಲ. ನೀಲಗಿರಿಯ ಕೂನೂರಿನಲ್ಲಿ ೧೯೧೮ರಲ್ಲಿ ಬೆರಿಬೆರಿ ರೋಗದ ಶೋಧನೆಗಾಗಿ ಒಂದು ಸಣ್ಣ ಪ್ರಯೋಗಶಾಲೆ ಹುಟ್ಟಿತು. ಅದನ್ನು ನಡೆಸಿದ ರಾಬರ್ಟ್ ಮೆಕ್‌ಕ್ಯಾರಿಸನ್ ಅವರು ಇಲಿಗಳಿಗೆ ಭಾರತದ ಬೇರೆ ಬೇರೆ ಜನರ ಊಟವನ್ನು ಹಾಕಿ ನೋಡಿದರು. ಸಿಖ್ಖರ ಊಟವಾದ ಗೋಧಿ ರೊಟ್ಟಿ, ಹಾಲು, ಬೆಣ್ಣೆ, ಬೇಳೆಕಾಳು, ತರಕಾರಿ ತಿಂದ ಇಲಿಗಳು ಪುಷ್ಟವಾಗಿ ಬೆಳೆದವು; ಮದರಾಸಿನ ಅನ್ನದ ಊಟ ತಿಂದವು ಸೊರಗಿದವು. ಆ ಪ್ರಯೋಗಶಾಲೆಯೇ ೧೯೫೮ರಲ್ಲಿ ಹೈದರಾಬಾದಿಗೆ ಬಂದು ಈಗ ರಾಷ್ಟ್ರೀಯ ಪೋಷಣ ಸಂಸ್ಥೆಯಾಗಿದೆ. ತಾರ್ನಾಕದ ಕಡೆಯ ನಮ್ಮ ವಾಚಕರು ಅದರ ಮುಂದೆ ಹಾದುಹೋಗಿರಬಹುದು. ಆ ಇಲಿಗಳನ್ನು ಬೆಳೆಸಿದ್ದು ಊಟ, ಗುಳಿಗೆಯಲ್ಲ ಎಂಬುದನ್ನು ಗಮನಿಸಬೇಕು.

ಕೊರತೆ ಇದ್ದವರಿಗೆ ಗುಳಿಗೆ ಔಷಧ. ಕೊರತೆ ಇಲ್ಲದವರಿಗೆ? ಹಂಡೆ ತುಂಬಿದ ಮೇಲೆ ಹೊಯ್ದ ನೀರು ಬಚ್ಚಲಿಗೆ ಹರಿಯುವಂತೆ, ಬಿ ಮತ್ತು ಸಿ ಜೀವಸತ್ವಗಳ ಹೆಚ್ಚುವರಿ ಬಹುಮಟ್ಟಿಗೆ ಮೂತ್ರದಲ್ಲಿ ಹೋಗುತ್ತದೆ. ಎ ಮತ್ತು ಡಿ ಹಾಗೆ ಹೋಗದೆ ಒಳಗೇ ಶೇಖರವಾಗುತ್ತವೆ. ಮಿತಿಮೀರಿದರೆ ವಿಷವೇ ಸರಿ. ಇನ್ನೂ ಸೋಜಿಗದ ಮಾತೊಂದಿದೆ. ೨೦೦೯ರಲ್ಲಿ ಪ್ರಕಟವಾದ ಜರ್ಮನಿಯ ಪ್ರಯೋಗವೊಂದರಲ್ಲಿ ಆರೋಗ್ಯವಂತ ತರುಣರು ನಾಲ್ಕು ವಾರ ವ್ಯಾಯಾಮ ಮಾಡಿದರು. ಕೆಲವರಿಗೆ ದಿನಕ್ಕೆ ೧,೦೦೦ ಮಿಲಿಗ್ರಾಂ ಸಿ ಜೀವಸತ್ವವನ್ನೂ ಜೊತೆಗೆ ಇ ಜೀವಸತ್ವವನ್ನೂ ಕೊಡಲಾಗಿತ್ತು. ಗುಳಿಗೆ ತಿನ್ನದವರ ದೇಹದಲ್ಲಿ ಇನ್ಸುಲಿನ್ ಮೊದಲಿಗಿಂತ ಚೆನ್ನಾಗಿ ಕೆಲಸಮಾಡತೊಡಗಿತು; ತಿಂದವರಲ್ಲಿ ಆ ಲಾಭ ಕಾಣಲಿಲ್ಲ! ವ್ಯಾಯಾಮದಿಂದ ದೇಹಕ್ಕಾಗುವ ಸಣ್ಣ ಪೆಟ್ಟೇ ಅದನ್ನು ಬಲಗೊಳಿಸುವ ಕರೆ. ಗುಳಿಗೆ ಆ ಕರೆಯನ್ನೇ ಅಡಗಿಸುತ್ತದೆಂಬುದು ಅವರ ವಿವರಣೆ.

ನ್ಯಾಯವಾಗಿ ಇನ್ನೊಂದು ಮಾತನ್ನೂ ಹೇಳಬೇಕು. ಮ್ಯಾರಥಾನ್ ಓಟಗಾರರು, ಹಿಮದಲ್ಲಿ ಕವಾಯತು ಮಾಡುವ ಸೈನಿಕರು, ಇಂಥವರು ನಿತ್ಯವೂ ಸಿ ಜೀವಸತ್ವ ತಿಂದಾಗ ನೆಗಡಿ ಅರ್ಧದಷ್ಟು ಕಡಿಮೆಯಾಗಿದ್ದುಂಟು. ಉಳಿದವರಿಗೆ ಆ ಫಲವಿಲ್ಲ. ವಯಸ್ಕ ಗಂಡಸಿಗೆ ದಿನಕ್ಕೆ ೮೦ ಮಿಲಿಗ್ರಾಂ ಸಾಕು. ನೂರು ಗ್ರಾಂ ಸೀಬೆಹಣ್ಣಿನಲ್ಲೇ ಸುಮಾರು ೨೦೦ ಇದೆ.

ಹಾಗಾದರೆ ಕೊರತೆ ಯಾರಿಗೆ? ಮನೆಯಲ್ಲಿ ಹೆಚ್ಚು ದಣಿಯುವವರು ಜಿಮ್ಮಿನ ಹುಡುಗರೇ ಎಂದು ನಮಗೆ ತೋರುವುದಿಲ್ಲ. ಬೆಳಗಿನ ಡಬ್ಬಿ ಕಟ್ಟಿ, ಲೋಕಲ್ ಹಿಡಿದು, ನಿಂತೇ ಕಚೇರಿಗೆ ಹೋಗಿ, ಸಂಜೆ ತರಕಾರಿ ಚೀಲದೊಡನೆ ಮೆಟ್ಟಿಲು ಹತ್ತುವ ಗೃಹಿಣಿಯನ್ನು ಯಾರೂ ಕ್ರೀಡಾಪಟುವೆನ್ನುವುದಿಲ್ಲ. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ೧೫ರಿಂದ ೪೯ ವಯಸ್ಸಿನ ಭಾರತೀಯ ಸ್ತ್ರೀಯರಲ್ಲಿ ಶೇಕಡಾ ೫೭ ಮಂದಿಗೆ ರಕ್ತಹೀನತೆ. ಮಗನ ಪ್ರೋಟೀನ್ ಡಬ್ಬಿಗೆ ಸಾವಿರಗಟ್ಟಲೆ ಸುರಿಯುವ ಯಜಮಾನರು, ಅದರ ಅಲ್ಪಾಂಶದಲ್ಲಿ ಆಗುವ ಹೀಮೋಗ್ಲೋಬಿನ್ ಪರೀಕ್ಷೆಯನ್ನು ಹೆಂಡತಿಗೆ ಎಂದಾದರೂ ಮಾಡಿಸಿದ್ದಾರೆಯೆ? ಮೆಟ್ಟಿಲ ಮೇಲೆ ಏದುಸಿರು ಬಂದರೆ ಅದು ವಯಸ್ಸಿನ ದೋಷವೆಂದು ಸುಮ್ಮನಾಗುವುದೇ ನಮ್ಮಲ್ಲಿ ರೂಢಿ.

ಸಸ್ಯಾಹಾರಿಗಳು ಬಿ-೧೨ನ್ನೂ ನೋಡಿಸಬೇಕು. ಅದು ಸೊಪ್ಪಿನಲ್ಲೂ ಇಲ್ಲ, ಬೇಳೆಯಲ್ಲೂ ಇಲ್ಲ; ಅವರಿಗೆ ಹಾಲು ಮೊಸರೇ ಗತಿ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವ ಹಿರಿಯರಲ್ಲಿ ಅದು ಇನ್ನೂ ಕುಗ್ಗಬಹುದು. ವಾಯುವಿಹಾರದಿಂದ ಬಂದ ಮೇಲೆ ಪಾದ ಜುಮುಗುಟ್ಟಿದರೆ ನಡೆದದ್ದು ಹೆಚ್ಚಾಯಿತೆಂದುಕೊಳ್ಳದೆ ವೈದ್ಯರಿಗೆ ಹೇಳಬೇಕು. ಡಿ ಜೀವಸತ್ವದ್ದೂ ಇದೇ ಕಥೆ. ಸೂರ್ಯ ಹುಟ್ಟುವ ಮುನ್ನ ಓಡಿ, ಮುಳುಗಿದ ಮೇಲೆ ಕಚೇರಿಯಿಂದ ಬರುವ ಓಟಗಾರನಿಗೆ ಬಿಸಿಲೆಲ್ಲಿಯದು? ಇಂಥ ಕೊರತೆ ಪರೀಕ್ಷೆಯಲ್ಲಿ ಕಂಡರೆ ವೈದ್ಯರು ಹೇಳಿದಷ್ಟು ಗುಳಿಗೆಯನ್ನು ಹೇಳಿದಷ್ಟು ದಿನ ಸಂಕೋಚವಿಲ್ಲದೆ ತಿನ್ನಬೇಕು.

ಪ್ರೋಟೀನಿನ ಮಾತು ಚಿಕ್ಕದು. ಸಾಧಾರಣ ಜನಕ್ಕೆ ದೇಹದ ತೂಕದ ಕಿಲೋ ಒಂದಕ್ಕೆ ದಿನಕ್ಕೆ ೦.೮೩ ಗ್ರಾಂ ಸಾಕು. ಕಠಿಣ ಸಾಧನೆ ಮಾಡುವವರಿಗೆ ೧.೨ರಿಂದ ೨ ಗ್ರಾಂ. ಊರಿನಿಂದ ತರಿಸಿದ ಹುರುಳಿಕಾಳು ನೂರು ಗ್ರಾಮಿನಲ್ಲಿ ಸುಮಾರು ೨೨ ಗ್ರಾಂ ಪ್ರೋಟೀನ್ ಕೊಡುತ್ತದೆ. ಅಷ್ಟೇ ರಾಗಿಯಲ್ಲಿ ಸುಮಾರು ೩೫೦ ಮಿಲಿಗ್ರಾಂ ಸುಣ್ಣದಂಶವಿದೆ. ಮೊಳಕೆ ಕಟ್ಟಿದ ಹೆಸರುಕಾಳಿಗೆ ನಿಂಬೆಹಣ್ಣು ಹಿಂಡಿದರೆ ಅದರ ಕಬ್ಬಿಣದಂಶ ಮೈಗೆ ಚೆನ್ನಾಗಿ ಹತ್ತುತ್ತದೆ. ಕಾಫಿ ಚಹಾಗಳು ಅದನ್ನು ತಡೆಯುವುದರಿಂದ ಊಟವಾದ ಒಂದು ಗಂಟೆಯ ಮೇಲೆ ಕುಡಿಯುವುದು ಮೇಲು. ನಮ್ಮವರಿಗೆ ಇದೇ ಎಲ್ಲಕ್ಕಿಂತ ಕಠಿಣವಾದ ಪಥ್ಯವೆಂಬುದನ್ನು ನಾವು ಬಲ್ಲೆವು.