ಡೊಂಕಿಲ್ಲದ ನೆಲ ಕಟ್ಟುವವರು

ಕುಣಿಯಲಾರದವರು ನೆಲ ಡೊಂಕು ಎಂದರಂತೆ. ಈ ಗಾದೆ ಕಟ್ಟಿದವರು ಡ್ಯಾನ್ಸ್ ಗೇಮ್ ಆಡಿರಲಿಲ್ಲ. ಪರದೆಯ ಮೇಲೆ ಬಾಣದ ಗುರುತುಗಳು ಸಾಲಾಗಿ ಏರಿ ಬರುತ್ತವೆ. ಹಾಡಿನ ತಾಳಕ್ಕೆ ಸರಿಯಾಗಿ, ಕಾಲ ಕೆಳಗಿರುವ ಅದೇ ಬಾಣವನ್ನು ತುಳಿಯಬೇಕು. ಆಟಗಾರ ಸರಿಯಾಗಿಯೇ ತುಳಿದು, ನೆಲ ಅದನ್ನು ಗ್ರಹಿಸದೆ ಹೋದರೂ ಅಂಕ ಹೋಗುವುದು ಆಟಗಾರನದೇ. ಇಲ್ಲಿ ನೆಲ ನಿಜಕ್ಕೂ ಡೊಂಕಾಗಿರಬಹುದು. ಆ ಡೊಂಕನ್ನು ತಮ್ಮ ಕೈಯಾರೆ ತಿದ್ದಲು ಹೊರಟ ಹವ್ಯಾಸಿಗಳು ಕಾಲು ಶತಮಾನದಲ್ಲಿ ಒಂದು ಪುಟ್ಟ ಕಸುಬನ್ನೇ ಬೆಳೆಸಿದ್ದಾರೆ. ಅರ್ಧ ಬಡಗಿ ಕೆಲಸ, ಅರ್ಧ ವೈರಿಂಗ್ ಕೆಲಸ. ಮನೆಯಲ್ಲೇ ಡ್ಯಾನ್ಸ್ ಪ್ಯಾಡ್ ಕಟ್ಟುವ ಈ ವಿದ್ಯೆಯನ್ನು ಹತ್ತಿರದಿಂದ ನೋಡಿದಷ್ಟೂ ಅದರ ಮೇಲಿನ ಗೌರವ ಹೆಚ್ಚುತ್ತದೆ.

ಆಟದ ಮೂಲ ಜಪಾನ್. ಕೊನಾಮಿ ಕಂಪನಿ 1998ರಲ್ಲಿ ‘ಡ್ಯಾನ್ಸ್ ಡ್ಯಾನ್ಸ್ ರೆವಲ್ಯೂಷನ್’ ಯಂತ್ರವನ್ನು ಗೇಮ್ ಅಂಗಡಿಗಳಿಗೆ ಇಳಿಸಿತು. ಮೂರು ಸಾಲು, ಮೂರು ಕಂಬಸಾಲುಗಳ ಒಂಬತ್ತು ಚೌಕ. ಮೇಲೆ, ಕೆಳಗೆ, ಎಡ, ಬಲ ನಾಲ್ಕು ಬಾಣ. ನಡುವೆ ನಿಲ್ಲುವ ಜಾಗ. ಮರುವರ್ಷವೇ ದಕ್ಷಿಣ ಕೊರಿಯಾದ ಆಂಡಮಿರೊ ಕಂಪನಿ ‘ಪಂಪ್ ಇಟ್ ಅಪ್’ ತಂದಿತು. ಅದರಲ್ಲಿ ನಾಲ್ಕು ಮೂಲೆಗಳಿಗೂ ನಡುವಿಗೂ ಸೇರಿ ಐದು ತುಳಿಚೌಕ. ಮನೆಯಲ್ಲಿ ಆಡುವವರಿಗೆ ಸುತ್ತಿಡಬಹುದಾದ ಪ್ಲಾಸ್ಟಿಕ್ ಚಾಪೆಗಳು ಬಂದವು. ಅಗ್ಗದವು ನಿಜ, ಆದರೆ ಹುರುಪಿನಿಂದ ಆಡಿದರೆ ಕಾಲಡಿಯಲ್ಲೇ ಜಾರಿ, ಮಡಿಚಿಕೊಂಡು, ಕೆಲವೇ ತಿಂಗಳಲ್ಲಿ ಸವೆದುಹೋಗುತ್ತಿದ್ದವು. ಅಂಗಡಿಯ ಉಕ್ಕಿನ ಯಂತ್ರವೋ ಮನೆಯ ಬಾಗಿಲಲ್ಲೇ ತೂರದು, ಬೆಲೆ ಕೇಳುವಂತೆಯೂ ಇರಲಿಲ್ಲ.

2001ರಲ್ಲಿ ಅಮೆರಿಕದ ಕ್ರಿಸ್ ಡ್ಯಾನ್‌ಫರ್ಡ್ ಶುರುಮಾಡಿದ ‘ಸ್ಟೆಪ್‌ಮೇನಿಯಾ’ ಎಂಬ ಮುಕ್ತ ತಂತ್ರಾಂಶ ಈ ಚಿತ್ರವನ್ನು ಬದಲಿಸಿತು. ಸಾಮಾನ್ಯ ಕಂಪ್ಯೂಟರ್ ಇದ್ದವರಿಗೆಲ್ಲ ಆಟ ಪುಕ್ಕಟೆ ಸಿಕ್ಕಿತು, ತಮಗೆ ಬೇಕಾದ ಹಾಡಿಗೆ ತಾವೇ ಹೆಜ್ಜೆ ಬರೆಯುವ ಅವಕಾಶವೂ ಸಿಕ್ಕಿತು. ಅದೇ ತಂತ್ರಾಂಶದ ಮೇಲೆ 2004ರಲ್ಲಿ ‘ಇನ್ ದ ಗ್ರೂವ್’ ಎಂಬ ಇನ್ನೂ ಬಿರುಸಿನ ಆಟ ನಿಂತಿತು. ಇನ್ನು ಬೇಕಾಗಿದ್ದದ್ದು ಗಟ್ಟಿಯಾದ ನೆಲ ಮಾತ್ರ. ಅಮೆರಿಕದ ಗ್ಯಾರೇಜುಗಳಲ್ಲಿ ಪ್ಲೈವುಡ್ ಕೊಯ್ಯುವ ಸದ್ದು ಕೇಳತೊಡಗಿತು.

ಪ್ಯಾಡಿಗೆ ಎಷ್ಟು ನಿಖರತೆ ಬೇಕು ಎಂಬುದನ್ನು ಒಂದು ಸಣ್ಣ ಲೆಕ್ಕ ಹೇಳುತ್ತದೆ. ನಿಮಿಷಕ್ಕೆ 150 ತಾಳ ಬೀಳುವ ಹಾಡಿನಲ್ಲಿ ಪ್ರತಿ ತಾಳಕ್ಕೆ ನಾಲ್ಕು ಹೆಜ್ಜೆ ಬಂದರೆ ಸೆಕೆಂಡಿಗೆ ಹತ್ತು ಹೆಜ್ಜೆಯಾಯಿತು. ಎರಡು ಹೆಜ್ಜೆಗಳ ನಡುವೆ 100 ಮಿಲಿಸೆಕೆಂಡ್. ‘ಇನ್ ದ ಗ್ರೂವ್’ನಲ್ಲಿ ಅತ್ಯುತ್ತಮ ಅಂಕ ಬೇಕಾದರೆ ಸರಿಯಾದ ಕ್ಷಣಕ್ಕಿಂತ ಸುಮಾರು 22 ಮಿಲಿಸೆಕೆಂಡಿನಷ್ಟು ಮಾತ್ರ ಹಿಂದೆ ಮುಂದೆ ಆಗಬಹುದು. ಪ್ಯಾಡ್ ಪ್ರತಿ ಸಲವೂ ಒಂದೇ ಅಳತೆಯಲ್ಲಿ ತಡ ಮಾಡಿದರೆ ತೊಂದರೆಯಿಲ್ಲ, ಆಟದೊಳಗಿನ ಒಂದು ಸೆಟ್ಟಿಂಗ್ ಬದಲಿಸಿದರೆ ಸರಿಹೋಗುತ್ತದೆ. ಒಮ್ಮೆ ಬೇಗ, ಒಮ್ಮೆ ತಡ, ಮೂಲೆಯಲ್ಲಿ ತುಳಿದರೆ ಮೌನ ಎಂದಾದರೆ ಅದನ್ನು ಯಾವ ಸೆಟ್ಟಿಂಗೂ ತಿದ್ದಲಾರದು. ಒಳ್ಳೆಯ ಪ್ಯಾಡ್ ಎಂದರೆ ಎಲ್ಲಿ ತುಳಿದರೂ, ಎಷ್ಟು ಸಲ ತುಳಿದರೂ ಒಂದೇ ರೀತಿ ಉತ್ತರಿಸುವ ಪ್ಯಾಡ್. ಈ ಕಸುಬಿನ ಎಲ್ಲ ಜಾಣ್ಮೆಯೂ ಈ ಒಂದು ಗುಣಕ್ಕಾಗಿಯೇ ಮೀಸಲು.

ಅಂಗಡಿಯ ಯಂತ್ರದಲ್ಲಿ ಪ್ರತಿ ಬಾಣದ ಚೌಕದ ನಾಲ್ಕು ಅಂಚಿಗೂ ಒಂದೊಂದು ಸೆನ್ಸರ್ ಪಟ್ಟಿ ಇರುತ್ತದೆ. ಕಾರಣ ಸರಳ. ಆಟಗಾರ ಚೌಕದ ನಟ್ಟನಡುವೆ ತುಳಿಯುವುದು ಅಪರೂಪ. ನಡುವಿನ ಚೌಕದಲ್ಲಿ ನಿಂತು ತುದಿಗಾಲಿನಿಂದ ಬಾಣದ ಒಳ ಅಂಚನ್ನಷ್ಟೇ ತಟ್ಟಿ ಹಿಂದಿರುಗುತ್ತಾನೆ. ನಡುವೆ ಒಂದೇ ಸ್ವಿಚ್ ಇಟ್ಟರೆ ಅಂಚಿನ ಏಟಿಗೆ ಚೌಕ ಓರೆಯಾಗಿ ವಾಲುತ್ತದೆಯೇ ಹೊರತು ಸ್ವಿಚ್ ಒತ್ತುವುದಿಲ್ಲ. ಹೊಸದಾಗಿ ಕಟ್ಟುವವರು ಮೊದಲು ಕಲಿಯುವ ಪಾಠವೇ ಇದು.

ಮನೆಯಲ್ಲಿ ಕಟ್ಟುವ ಹಳೆಯ ವಿಧಾನ ಹೀಗಿದೆ. ಸುಮಾರು 84 ಸೆಂ.ಮೀ. ಚೌಕದ ದಪ್ಪ ಪ್ಲೈವುಡ್ ತಳ. ಅದರ ಮೇಲೆ 28 ಸೆಂ.ಮೀ.ನ ಐದು ಚೌಕಗಳನ್ನು, ನಾಲ್ಕು ಮೂಲೆಗಳಲ್ಲಿ ಮತ್ತು ನಡುವಿನಲ್ಲಿ, ಅಲುಗದಂತೆ ಬಿಗಿಯಬೇಕು. ಉಳಿದ ನಾಲ್ಕು ಗುಂಡಿಗಳಲ್ಲಿ ಬಾಣದ ಚೌಕಗಳು ಕೂರುತ್ತವೆ. ಗುಂಡಿಯ ತಳಕ್ಕೊಂದು ಲೋಹದ ತಗಡು, ಬಾಣದ ಚೌಕದ ಕೆಳಮೈಗೆ ಇನ್ನೊಂದು ತಗಡು. ಎರಡರ ನಡುವೆ ಸುತ್ತಲೂ, ಕಿಟಕಿ ಬಾಗಿಲಿನ ಸಂದಿಗೆ ಅಂಟಿಸುವ ಫೋಮ್ ಪಟ್ಟಿ. ತುಳಿದರೆ ಫೋಮ್ ಕುಗ್ಗಿ ತಗಡಿಗೆ ತಗಡು ತಾಗುತ್ತದೆ, ಬಿಟ್ಟರೆ ಫೋಮ್ ಮತ್ತೆ ಎತ್ತುತ್ತದೆ. ಎರಡು ತಗಡಿನ ನಡುವಿನ ಸಂದು ಒಂದೆರಡು ಮಿ.ಮೀ. ಸಂದು ಹೆಚ್ಚಾದರೆ ಕಾಲು ಸೋಲುತ್ತದೆ. ಕಡಿಮೆಯಾದರೆ ಬಾಣ ತಾನಾಗಿ ಒತ್ತಿಕೊಂಡು ಕೂರುತ್ತದೆ.

8 ಅಡಿ ಉದ್ದ, 4 ಅಡಿ ಅಗಲದ ಒಂದೇ ಪ್ಲೈವುಡ್ ಹಾಳೆಯಲ್ಲಿ ತಳವೂ ಒಂಬತ್ತು ಚೌಕವೂ ಸಿಕ್ಕಿ ಇನ್ನೂ ಉಳಿಯುತ್ತದೆ. 18 ಮಿ.ಮೀ. ದಪ್ಪದ್ದು ವಾಸಿ, ತೆಳುವಾದದ್ದು ಜಿಗಿತಕ್ಕೆ ಬಾಗುತ್ತದೆ. ಬಾಣದ ಚೌಕಗಳನ್ನು ಗುಂಡಿಯ ಅಳತೆಗಿಂತ ಪ್ರತಿ ಬದಿಗೂ ಒಂದೆರಡು ಮಿ.ಮೀ. ಕಡಿಮೆ ಕೊಯ್ಯಬೇಕು. ಮಳೆಗಾಲದಲ್ಲಿ ಪ್ಲೈವುಡ್‌ನ ಅಂಚು ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಸಲೀಸಾಗಿದ್ದ ಚೌಕ ಆಗ ಸಿಕ್ಕಿಹಾಕಿಕೊಳ್ಳುತ್ತದೆ. ಅಂಚಿಗೆ ವಾರ್ನಿಷ್ ಬಳಿಯುವುದು ಅಂದಕ್ಕಲ್ಲ, ಇದಕ್ಕೆ.

ಮೇಲ್ಮೈಗೆ ಹಾಕುವ ಪಾರದರ್ಶಕ ಹಾಳೆಯ ಆಯ್ಕೆಯಲ್ಲಿ ಎಚ್ಚರ ಬೇಕು. ಅಕ್ರಿಲಿಕ್ ಮತ್ತು ಪಾಲಿಕಾರ್ಬೊನೇಟ್ ಎರಡೂ ನೋಡಲು ಒಂದೇ. ಅಕ್ರಿಲಿಕ್ ಗೀರಿಗೆ ಬಗ್ಗದು, ಆದರೆ ಏಟಿಗೆ ಸೀಳುತ್ತದೆ; ಡ್ರಿಲ್ ಮಾಡುವಾಗಲೇ ತೂತಿನ ಸುತ್ತ ಬಿರುಕು ಬಿಡುವುದೂ ಉಂಟು. ಪಾಲಿಕಾರ್ಬೊನೇಟ್ ಬೇಗ ಗೀರು ಬೀಳಿಸಿಕೊಂಡರೂ ಒಡೆಯುವುದಿಲ್ಲ. ಜಿಗಿಯುವ ಕಾಲಿನ ಕೆಳಗೆ ಇರಬೇಕಾದದ್ದು ಪಾಲಿಕಾರ್ಬೊನೇಟೇ. ಅದಕ್ಕೂ ಒಂದು ದೌರ್ಬಲ್ಯವಿದೆ: ಥಿನ್ನರಿನಂಥ ದ್ರಾವಕ, ಸ್ಕ್ರೂ ಸಡಿಲವಾಗದಿರಲೆಂದು ಹಾಕುವ ಕೆಲವು ಅಂಟುಗಳು ತಾಗಿದರೆ ಒಳಗೊಳಗೇ ಬಿರಿಯುತ್ತದೆ. ತೂತನ್ನು ಸ್ಕ್ರೂವಿಗಿಂತ ತುಸು ದೊಡ್ಡದು ಕೊರೆದು, ಚಪ್ಪಟೆ ತಲೆಯ ಸ್ಕ್ರೂವಿಗೆ ವಾಷರ್ ಹಾಕಿ ಬಿಗಿದರೆ ಸಾಕು. ಹಾಳೆಯ ಮೇಲಿನ ರಕ್ಷಣಾ ಕಾಗದವನ್ನು ಕೆಲಸ ಮುಗಿಯುವವರೆಗೂ ಸುಲಿಯಬಾರದು.

ಉಪಕರಣ ಎಂದೊಡನೆ ಎಲ್ಲರ ಕಣ್ಣು ಕರೆಂಟಿನಲ್ಲಿ ಓಡುವ ಯಂತ್ರಗಳತ್ತ ಹೋಗುತ್ತದೆ. ಪಳಗಿದವರು ಮೊದಲು ಕೊಳ್ಳುವುದು ಅಳೆಯುವ ಸಾಧನ: ಉಕ್ಕಿನ ಸ್ಕೇಲು, ಒಳ್ಳೆಯ ಮೂಲೆಮಟ್ಟ, ರಸಮಟ್ಟ, ಫೋಮ್ ಮತ್ತು ತಗಡಿನ ದಪ್ಪ ನೋಡಲು ವರ್ನಿಯರ್ ಕ್ಯಾಲಿಪರ್. ಚೌಕ ಸರಿಯಾಗಿದೆಯೇ ಎಂದು ತಿಳಿಯಲು ಕರ್ಣಗಳನ್ನು ಅಳೆಯುತ್ತಾರೆ. 84 ಸೆಂ.ಮೀ. ಚೌಕದ ಎರಡು ಕರ್ಣವೂ ಸುಮಾರು 118.8 ಸೆಂ.ಮೀ. ಬರಬೇಕು. ಬರದಿದ್ದರೆ ಆ ತಳದ ಮೇಲೆ ಕಟ್ಟಿದ್ದೆಲ್ಲ ಸೊಟ್ಟ.

ಕೊಯ್ಯಲು ಸರ್ಕ್ಯುಲರ್ ಸಾ ಉತ್ತಮ, ಪಕ್ಕದಲ್ಲಿ ನೇರವಾದ ಪಟ್ಟಿಯೊಂದನ್ನು ಕ್ಲ್ಯಾಂಪ್‌ನಿಂದ ಬಿಗಿದು ಅದಕ್ಕೆ ಒರಗಿಸಿ ಓಡಿಸಬೇಕು. ಜಿಗ್‌ಸಾ ಅಗ್ಗ, ಹಗುರ, ಆದರೆ ಅದರ ಸಣ್ಣ ಅಲಗು ದಪ್ಪ ಮರದಲ್ಲಿ ಬಾಗಿ, ಅಂಚು ಮೇಲೊಂದು ಕೆಳಗೊಂದು ಆಗುತ್ತದೆ. ಅದು ವೈರು ಹಾಯುವ ಕಂಡಿ ಕೊರೆಯಲು ಸರಿ. ಎರಡೂ ಇಲ್ಲದವರು ಪ್ಲೈವುಡ್ ಅಂಗಡಿಯಲ್ಲಿ ಅಳತೆ ಕೊಟ್ಟು ಕೊಯ್ಯಿಸಿಕೊಳ್ಳುವುದೇ ಜಾಣತನ. ಅಲಗು ತಾನೇ ತಿನ್ನುವ ಮರದ ಲೆಕ್ಕವನ್ನು ಅಳತೆ ಬರೆಯುವಾಗ ಮರೆಯಬಾರದು. ಡ್ರಿಲ್ ಮಷೀನ್, ತಗಡು ಕತ್ತರಿ, ತಗಡಿನ ಅಂಚು ಉಜ್ಜಲು ಅರ, ಸ್ಯಾಂಡ್‌ಪೇಪರ್, ಕಣ್ಣಿಗೆ ಕನ್ನಡಕ: ಇಷ್ಟಾದರೆ ಮರದ ಭಾಗಕ್ಕೆ ಸಾಕು.

ವೈರಿಂಗ್‌ಗೆ ಸೋಲ್ಡರಿಂಗ್ ಐರನ್ ಬೇಕೇ ಬೇಕು ಎಂಬ ನಂಬಿಕೆ ಇದೆ. ಎಲ್ಲ ಕಡೆಯೂ ಅಲ್ಲ. ಅಲ್ಯೂಮಿನಿಯಂ ಮೇಲೆ ಸದಾ ಆಕ್ಸೈಡಿನ ತೆಳು ಪೊರೆ ಇರುವುದರಿಂದ ಸಾಮಾನ್ಯ ಬೆಸುಗೆ ಹಿಡಿಯುವುದಿಲ್ಲ. ಅಲ್ಲಿ ವೈರಿನ ತುದಿಗೆ ಉಂಗುರದಂಥ ಲಗ್ ಒತ್ತಿ ಸ್ಕ್ರೂವಿನಿಂದ ಬಿಗಿಯಬೇಕು. ತಾಮ್ರಕ್ಕಾದರೆ ಬೆಸುಗೆ ಚೆನ್ನಾಗಿ ಕೂರುತ್ತದೆ. ತುಳಿತದ ಅದುರಿಗೆ ಬೆಸುಗೆಯ ಬುಡದಲ್ಲೇ ವೈರು ತುಂಡಾಗುವುದರಿಂದ ಒಂಟಿ ತಂತಿಯ ವೈರಿಗಿಂತ ಹಲವು ಎಳೆಗಳ ವೈರು ಒಳ್ಳೆಯದು. ಇವೆಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬರುವುದು ಸಂಪರ್ಕ ಸಿಕ್ಕರೆ ಪೀಂ ಎನ್ನುವ ಮಲ್ಟಿಮೀಟರ್. ಅದನ್ನು ಹಚ್ಚಿಟ್ಟು ಚೌಕದ ಒಂದೊಂದು ಮೂಲೆಯನ್ನೂ ಬೆರಳಿನಿಂದ ಒತ್ತಿದರೆ ಕಂಪ್ಯೂಟರಿಗೆ ಜೋಡಿಸುವ ಮೊದಲೇ ದೋಷ ಗೊತ್ತಾಗುತ್ತದೆ.

ಪ್ಯಾಡನ್ನು ಕಂಪ್ಯೂಟರಿಗೆ ಜೋಡಿಸಲು ಮೊದಲ ತಲೆಮಾರಿನವರು ಹಳೆಯ ಪ್ಲೇಸ್ಟೇಷನ್ ಕಂಟ್ರೋಲರ್ ಬಿಚ್ಚಿ, ಅದರ ಗುಂಡಿಗಳ ಜಾಗಕ್ಕೆ ಪ್ಯಾಡಿನ ವೈರು ಬೆಸೆಯುತ್ತಿದ್ದರು. ಕಂಪ್ಯೂಟರಿಗೆ ಜೋಡಿಸುವ ಅಡಾಪ್ಟರಿನಲ್ಲಿ ಒಂದು ವಿಚಿತ್ರ ತೊಡಕು ಎದುರಾಗುತ್ತಿತ್ತು. ಕೈಯಲ್ಲಿ ಹಿಡಿದ ಕಂಟ್ರೋಲರಿನಲ್ಲಿ ಎಡ, ಬಲ ಎರಡನ್ನೂ ಒಟ್ಟಿಗೆ ಒತ್ತಲಾಗದು. ಆದ್ದರಿಂದ ಎಷ್ಟೋ ಅಡಾಪ್ಟರುಗಳು ಆ ಸಾಧ್ಯತೆಯನ್ನೇ ಲೆಕ್ಕಕ್ಕೆ ಇಟ್ಟಿರಲಿಲ್ಲ. ಕುಣಿತದಲ್ಲೋ ಎಡಬಲ ಎರಡನ್ನೂ ಒಮ್ಮೆಗೇ ತುಳಿಯುವ ಜಿಗಿತ ಸಾಮಾನ್ಯ. ಆಟಗಾರ ಜಿಗಿದರೆ ಕಂಪ್ಯೂಟರಿಗೆ ಏನೂ ತಲುಪುತ್ತಿರಲಿಲ್ಲ! ಬಾಣಗಳನ್ನು ಬಿಡಿಬಿಡಿ ಬಟನ್‌ಗಳಾಗಿ ಕಳಿಸುವ ಅಡಾಪ್ಟರ್ ಹುಡುಕುವುದೇ ಆಗ ಒಂದು ಸಾಹಸವಾಗಿತ್ತು.

ಈಗ ಆರ್ಡುಯಿನೊ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ಎಂಬ, ಪ್ರೋಗ್ರಾಂ ತುಂಬಬಹುದಾದ ಪುಟ್ಟ ಬೋರ್ಡ್ ಈ ತಲೆನೋವನ್ನು ತೀರಿಸಿದೆ. ಅವುಗಳಲ್ಲಿರುವ ಎಟಿಮೆಗಾ32ಯು4 ಚಿಪ್ ಯುಎಸ್‌ಬಿ ಮೂಲಕ ತಾನೇ ಕೀಬೋರ್ಡ್ ಅಥವಾ ಜಾಯ್‌ಸ್ಟಿಕ್ ಆಗಿ ನಿಲ್ಲಬಲ್ಲದು. ಹೆಚ್ಚು ಹೆಸರಾದ ಆರ್ಡುಯಿನೊ ಯುನೊ ಕೊಂಡು ಪೇಚಾಡುವವರಿದ್ದಾರೆ. ಅದರ ಹಳೆಯ ಮಾದರಿಗಳ ಮುಖ್ಯ ಚಿಪ್‌ಗೆ ಯುಎಸ್‌ಬಿ ನೇರವಾಗಿ ಬಾರದು. ಬೋರ್ಡ್ ಯಾವುದಾದರೂ, ಲೋಹಕ್ಕೆ ಲೋಹ ತಾಗುವಾಗ ಕೆಲವು ಮಿಲಿಸೆಕೆಂಡ್ ಸಂಪರ್ಕ ಪುಟಿಯುತ್ತದೆ, ಒಂದು ತುಳಿತ ನಾಲ್ಕಾಗಿ ಕಾಣಬಹುದು. ಪ್ರೋಗ್ರಾಂ ಬರೆಯುವವರು ಮೊದಲ ಸ್ಪರ್ಶವನ್ನು ತಕ್ಷಣ ಒಪ್ಪಿಕೊಂಡು, ಮುಂದಿನ ಕೆಲವು ಮಿಲಿಸೆಕೆಂಡಿನ ಗಡಿಬಿಡಿಯನ್ನು ಕಡೆಗಣಿಸುವಂತೆ ಮಾಡುತ್ತಾರೆ. ಹೀಗೆ ತಡವೂ ಆಗದು, ತಪ್ಪೂ ನುಸುಳದು.

ಇತ್ತೀಚಿನ ದೊಡ್ಡ ಬದಲಾವಣೆ ಎಫ್‌ಎಸ್‌ಆರ್ ಎಂಬ ತೆಳು ಸೆನ್ಸರ್. ಒತ್ತಡ ಹೆಚ್ಚಿದಂತೆ ಅದರ ವಿದ್ಯುತ್ ರೋಧ ಇಳಿಯುತ್ತದೆ. ಜೊತೆಗೊಂದು ರೆಸಿಸ್ಟರ್ ಸೇರಿಸಿದರೆ ಬೋರ್ಡ್ ಆ ಒತ್ತಡವನ್ನು 0ಯಿಂದ 1023ರವರೆಗಿನ ಅಂಕಿಯಾಗಿ ಓದುತ್ತದೆ. ಎಷ್ಟು ಅಂಕಿಗೆ ‘ತುಳಿದಂತೆ’, ಎಷ್ಟಕ್ಕೆ ಇಳಿದರೆ ‘ಬಿಟ್ಟಂತೆ’ ಎಂದು ಆಟಗಾರನೇ ನಿಗದಿ ಮಾಡಬಹುದು. ಈ ಎರಡು ಅಂಕಿಗಳ ನಡುವೆ ತುಸು ಅಂತರ ಬೇಕು, ಇಲ್ಲದಿದ್ದರೆ ಗಡಿಯಲ್ಲಿ ನಿಂತ ಕಾಲು ಒಂದೇ ಸಮನೆ ತುಳಿದು ಬಿಟ್ಟಂತೆ ದಾಖಲಾಗುತ್ತದೆ. ಈ ಸೆನ್ಸರಿನಿಂದ ಚಾಚಿಕೊಂಡ ಪ್ಲಾಸ್ಟಿಕ್ ಬಾಲಕ್ಕೆ ನೇರವಾಗಿ ಬೆಸುಗೆ ಹಾಕಿದರೆ ಕರಗುತ್ತದೆ. ಹಾಗಾಗಿ ಇಲ್ಲಿ ಬೇಕಾದ ಉಪಕರಣ ಕ್ರಿಂಪಿಂಗ್ ಇಕ್ಕಳ ಮತ್ತು ಸರಿಯಾದ ಕನೆಕ್ಟರ್. ತೂಕದ ಯಂತ್ರಗಳಲ್ಲಿರುವ ಲೋಡ್ ಸೆಲ್ ಬಳಸಲು ಹೋದವರೂ ಇದ್ದಾರೆ; ಅದರ ಜೊತೆ ಅಗ್ಗವಾಗಿ ಸಿಗುವ ಎಚ್‌ಎಕ್ಸ್711 ಚಿಪ್ ಸೆಕೆಂಡಿಗೆ ಹೆಚ್ಚೆಂದರೆ 80 ಸಲ ಮಾತ್ರ ಓದುತ್ತದೆ. ಅಕ್ಕಿ ತೂಗಲು ಅದು ಸಾಕು, ಕುಣಿಯಲು ಸಾಲದು.

ಕಟ್ಟಿ ಮುಗಿದ ಮೇಲೆ ಹದ ಮಾಡುವ ಕೆಲಸ ಇರುತ್ತದೆ. ಮಂದವಾಗಿ ಉತ್ತರಿಸುವ ಅಂಚಿನ ಸೆನ್ಸರಿನ ಕೆಳಗೆ ಕಾಗದದ ಚೂರನ್ನೋ ಇನ್ಸುಲೇಷನ್ ಟೇಪನ್ನೋ ಪದರ ಪದರವಾಗಿ ಸೇರಿಸಿ ಏರಿಸುತ್ತಾರೆ. ಕೊಂಡು ತಂದ ಲೋಹದ ಪ್ಯಾಡಿಗೂ ಕೆಲವರು ಒಳಗೆ ನಾಣ್ಯ ಇಟ್ಟು ಇದೇ ಕೆಲಸ ಮಾಡುತ್ತಾರೆ. ಫೋಮ್ ದಿನ ಕಳೆದಂತೆ ಜಡ್ಡುಗಟ್ಟಿ ಮತ್ತೆ ಏಳದಾಗುತ್ತದೆ. ಅದಕ್ಕೇ ಅನುಭವಿಗಳು ಯಾವುದನ್ನೂ ಅಂಟು ಹಾಕಿ ಮುಚ್ಚುವುದಿಲ್ಲ. ಪ್ರತಿ ಚೌಕವನ್ನೂ ಸ್ಕ್ರೂ ಬಿಚ್ಚಿ ಎತ್ತುವಂತೆ ಕಟ್ಟುತ್ತಾರೆ. ರಿಪೇರಿ ಆಗಲಾರದ ಪ್ಯಾಡ್ ಎಷ್ಟೇ ಚಂದವಿದ್ದರೂ ಅರ್ಧ ಕಟ್ಟಿದ್ದೆಂದೇ ಅವರ ಲೆಕ್ಕ.

ಇಲ್ಲಿ ಕಟ್ಟಬಯಸುವವರಿಗೆ ಸಾಮಗ್ರಿಯ ಕೊರತೆಯಿಲ್ಲ. ಬೋರ್ಡು, ವೈರು, ಕನೆಕ್ಟರ್ ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಸಿಗುತ್ತವೆ, ಪ್ಲೈವುಡ್ ಮತ್ತು ಹಿತ್ತಾಳೆ ಸ್ಕ್ರೂ ಯಾವ ಊರಿನಲ್ಲಾದರೂ ದೊರೆಯುತ್ತವೆ. ಮಹಡಿ ಮನೆಯಾದರೆ ತಳಕ್ಕೆ ದಪ್ಪ ರಬ್ಬರ್ ಹಾಳೆ ಹಾಸುವುದನ್ನು ಮರೆಯಬೇಡಿ. ಪ್ಯಾಡೂ ಜಾರದು, ಕೆಳಮನೆಯವರ ನಿದ್ದೆಯೂ ಕೆಡದು. ನಾಲ್ಕು ಬಾಣವನ್ನೂ ಒಟ್ಟಿಗೆ ಶುರು ಮಾಡಬೇಡಿ. ಒಂದೇ ಚೌಕ ಕಟ್ಟಿ, ಕಂಪ್ಯೂಟರಿಗೆ ಜೋಡಿಸಿ, ನಾಲ್ಕೂ ಮೂಲೆಯಲ್ಲಿ ಬೇಕಾದಷ್ಟು ಸಲ ತುಳಿದು ನೋಡಿ. ಅದು ಎಲ್ಲ ಕಡೆ ಒಂದೇ ರೀತಿ ಉತ್ತರಿಸಿದ ಮೇಲೆ ಉಳಿದ ಮೂರಕ್ಕೆ ಮರ ಕೊಯ್ಯಿರಿ. ಕೈಯಲ್ಲಿರುವ ದುಡ್ಡಿನಲ್ಲಿ ಮೊದಲ ಪಾಲು ಮೂಲೆಮಟ್ಟಕ್ಕೆ ಹೋಗಲಿ, ಬಣ್ಣದ ದೀಪಕ್ಕೆ ಕೊನೆಯಲ್ಲಿ ಉಳಿದರೆ ನೋಡಿಕೊಳ್ಳೋಣ.