ಕುದುರೆಯ ರಕ್ತದಲ್ಲಿ ಹಾವಿನ ವಿಷಕ್ಕೆ ಉತ್ತರ

ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡಗಳ ಕಬ್ಬಿನ ಹೊಲಗಳಲ್ಲಿ ರವದಿಯ ನಡುವೆ ಹಾವು ಅಡಗಿರುವುದು ಹೊಸತಲ್ಲ. ಕಬ್ಬು ಕಡಿಯುವಾತನೊಬ್ಬನನ್ನು ಕೊಳಕುಮಂಡಲ ಕಚ್ಚಿತೆನ್ನಿ. ಆಸ್ಪತ್ರೆಯಲ್ಲಿ ವೈದ್ಯರು ಅವನ ರಕ್ತನಾಳದೊಳಕ್ಕೆ ಹರಿಸುವ ಔಷಧ ಯಾವುದೋ ಮೂಲಿಕೆಯ ರಸವಲ್ಲ. ಕುದುರೆಯ ರಕ್ತದಿಂದ ಬೇರ್ಪಡಿಸಿದ ಪ್ರತಿಕಾಯಗಳ ಭಾಗಗಳು.

ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕರ ವಿಷವನ್ನು ಮೊದಲು ಅತ್ಯಲ್ಪವಾಗಿ, ಬಳಿಕ ಕ್ರಮೇಣ ಹೆಚ್ಚಿಸಿ ಕುದುರೆಗೆ ಚುಚ್ಚುತ್ತಾರೆ. ಆಗ ವಿಷವನ್ನು ಹಿಡಿದು ನಿರುಪಯೋಗಿಯಾಗಿಸುವ ಪ್ರತಿಕಾಯಗಳೆಂಬ ಪ್ರೋಟೀನುಗಳು ಅದರ ರಕ್ತದಲ್ಲಿ ತುಂಬುತ್ತವೆ. ಹಾವನ್ನೇ ಕಾಣದ ಕುದುರೆಗೆ ಆ ವಿಷಕ್ಕೆ ತಕ್ಕ ಅಚ್ಚು ಎಲ್ಲಿಂದ ಬಂತು?

ಪ್ರೋಟೀನನ್ನು ಕಟ್ಟಲು ಜೀನು ಬೇಕು. ಮನುಷ್ಯನಲ್ಲಿ ಅಂಥ ಜೀನುಗಳು ಸುಮಾರು ೨೦,೦೦೦ ಮಾತ್ರ. ಪ್ರತಿಕಾಯಗಳ ಬಗೆಗಳಾದರೋ ಕೋಟಿಗಟ್ಟಲೆ. ಈ ಒಗಟನ್ನು ೧೯೭೬ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ನೊಬುಮಿಚಿ ಹೊಜುಮಿ ಮತ್ತು ಸುಸುಮು ತೊನೆಗಾವಾ ಬಿಡಿಸಿದರು. ಇಲಿಯ ಭ್ರೂಣದ ಡಿಎನ್‌ಎಯಲ್ಲಿ ದೂರ ದೂರವಿದ್ದ ಎರಡು ತುಣುಕುಗಳು, ಪ್ರತಿಕಾಯ ತಯಾರಿಸುವ ಕೋಶದಲ್ಲಿ ಒಂದೆಡೆ ಸೇರಿದ್ದುವು. ಜೀನು ಹುಟ್ಟಿನಿಂದ ಸಿದ್ಧವಾಗಿ ಬಂದುದಲ್ಲ, ಕೋಶವೇ ಅದನ್ನು ಕತ್ತರಿಸಿ ಜೋಡಿಸಿಕೊಂಡಿತ್ತು! ತೊನೆಗಾವಾ ಅವರಿಗೆ ೧೯೮೭ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು.

ಈಗ ಸ್ವಲ್ಪ ಲೆಕ್ಕ ಮಾಡೋಣ. ಪ್ರತಿಕಾಯದಲ್ಲಿ ಭಾರವಾದ ಸರಪಳಿ, ಹಗುರವಾದ ಸರಪಳಿ ಎಂದು ಎರಡು ಬಗೆ. ಮನುಷ್ಯನಲ್ಲಿ ಭಾರದ ಸರಪಳಿಗೆ ‘ವಿ’ ತುಣುಕುಗಳು ಸುಮಾರು ೪೦, ‘ಡಿ’ ೨೩, ‘ಜೆ’ ೬. ಒಂದೊಂದು ಗುಂಪಿನಿಂದ ಒಂದೊಂದನ್ನು ಆರಿಸಿದರೆ ೪೦ × ೨೩ × ೬ = ೫,೫೨೦ ಜೋಡಣೆಗಳು. ಹಗುರ ಸರಪಳಿಗೆ ಸುಮಾರು ೩೦೦ ಜೋಡಣೆಗಳು ಸಾಧ್ಯ. ಇವೆರಡನ್ನು ಗುಣಿಸಿದರೆ ೧೬ ಲಕ್ಷ ದಾಟುತ್ತದೆ. ಬೆಸುಗೆಯ ಎಡೆಗಳಲ್ಲಿ ಕೆಲವು ಅಕ್ಷರಗಳು ಗೊತ್ತುಗುರಿಯಿಲ್ಲದೆ ಸೇರುತ್ತವೆ, ಕೆಲವು ಬಿಟ್ಟುಹೋಗುತ್ತವೆ. ಹೀಗೆ ಸಂಖ್ಯೆ ಕೋಟಿಗಳನ್ನು ಮೀರುತ್ತದೆ. ಕುದುರೆಯಲ್ಲಿ ತುಣುಕುಗಳ ಎಣಿಕೆ ಬೇರೆಯಾದರೂ ಕ್ರಮ ಇದೇ.

ಅಸ್ಥಿಮಜ್ಜೆಯಲ್ಲಿ ಹುಟ್ಟುವ ಬಿ-ಕೋಶಗಳಲ್ಲಿ ಒಂದೊಂದೂ ಹೀಗೆ ತನ್ನದೇ ಒಂದು ಜೋಡಣೆಯನ್ನು ಮಾಡಿಕೊಳ್ಳುತ್ತದೆ. ಜೋಡಣೆ ಕೆಟ್ಟ ಕೋಶಗಳು ಸಾಯುತ್ತವೆ. ಉಳಿದವು ಎಂದೂ ಕಾಣದ ವೈರಿಗಾಗಿ ಕಾಯುತ್ತವೆ. ವಿಷ ಬಂದಾಗ ಅದಕ್ಕೆ ಹೊಂದುವ ಕೆಲವೇ ಕೋಶಗಳು ಎಚ್ಚೆತ್ತು, ವೃದ್ಧಿಯಾಗಿ, ಪ್ರತಿಕಾಯಗಳನ್ನು ಸುರಿಸುತ್ತವೆ. ವಿಷವು ಅಚ್ಚನ್ನು ಕಲಿಸುವುದಿಲ್ಲ, ಇದ್ದುದನ್ನು ಆರಿಸುತ್ತದೆ.

ಹಾಗಾದರೆ ಕಚ್ಚಿಸಿಕೊಂಡವನ ಮೈಯೇ ಈ ಕೆಲಸ ಮಾಡಬಾರದೇಕೆ? ಮಾಡಬಲ್ಲುದು, ಆದರೆ ಕೋಶಗಳು ಹೆಚ್ಚಲು ದಿನಗಳು ಬೇಕು, ವಿಷಕ್ಕೆ ಗಂಟೆಗಳು ಸಾಕು. ಆ ದಿನಗಳನ್ನು ಕುದುರೆ ನಮಗಾಗಿ ಮೊದಲೇ ಕಳೆದಿದೆ. ಆದುದರಿಂದ ಮಂತ್ರ, ನಾಟಿಮದ್ದುಗಳಲ್ಲಿ ಹೊತ್ತು ಕಳೆಯದೆ ಗಾಯಾಳುವನ್ನು ಆಸ್ಪತ್ರೆಗೆ ಸಾಗಿಸುವುದೇ ಜಾಣತನ.