ಸಣ್ಣ ಬೈಕಿನಿಂದ ಬದುಕಿದ ಜಾವಾ, ಸಣ್ಣ ಬೈಕಿಗೆ ಸೋತ ಯೆಜ್ಡಿ

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆಯ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಮೋಟಾರ್ ಸೈಕಲ್ಲಿಗೆ ‘ಫಟಫಟಿ’ ಎಂದೇ ಹೆಸರು. ಫಟಫಟಿಗಳಲ್ಲೂ ಸದ್ದಿನ ಮೇಲೆ ಜಾತಿ ಹೇಳುವವರಿದ್ದರು. ತಡೆದು ತಡೆದು ಗುಡುಗಿದರೆ ಬುಲೆಟ್. ಎರಡು ಸೈಲೆನ್ಸರುಗಳಿಂದ ಹೊಗೆ ಬಿಡುತ್ತ ಒಂದೇ ಸಮನೆ ಬಡಿದುಕೊಂಡರೆ ಜಾವಾ. ಎಂಜಿನ್ನಿಗೆ ಇರುವುದು ಒಂದೇ ಸಿಲಿಂಡರ್, ಸೈಲೆನ್ಸರು ಮಾತ್ರ ಎರಡು! ಮೈಸೂರಿನಲ್ಲಿ ತಯಾರಾದ ಈ ಗಾಡಿ ಕನ್ನಡಿಗರಿಗೆ ನಮ್ಮದೇ ಎನಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಅದರ ಮೂಲವನ್ನು ಹುಡುಕಿ ಹೊರಟರೆ ಯುರೋಪಿನ ಪ್ರಾಗ್ ನಗರಕ್ಕೆ ಹೋಗಬೇಕಾಗುತ್ತದೆ.

ಪ್ರಾಗ್‌ನಲ್ಲಿ ಫ್ರಾಂಟಿಶೆಕ್ ಯಾನೆಚೆಕ್ ಎಂಬ ಎಂಜಿನಿಯರ್ ಶಸ್ತ್ರಾಸ್ತ್ರ ತಯಾರಿಸುವ ಕಾರ್ಖಾನೆ ಇಟ್ಟುಕೊಂಡಿದ್ದ. ಮೊದಲ ಮಹಾಯುದ್ಧ ಮುಗಿದು ವರ್ಷಗಳಾಗಿದ್ದವು, ಬಂದೂಕಿನ ವ್ಯಾಪಾರವನ್ನೇ ನಂಬಿ ಕೂರುವಂತಿರಲಿಲ್ಲ. 1929ರಲ್ಲಿ ಆತ ಜರ್ಮನಿಯ ವಾಂಡರರ್ ಕಂಪನಿಯಿಂದ 500 ಸಿ.ಸಿ. ಮೋಟಾರ್ ಸೈಕಲ್ಲಿನ ತಯಾರಿಕಾ ಹಕ್ಕು ಕೊಂಡುಕೊಂಡ. ತನ್ನ ಹೆಸರಿನ ‘ಯಾ’, ವಾಂಡರರ್‌ನ ‘ವಾ’ ಸೇರಿಸಿದ. ಅವರ ಉಚ್ಚಾರದಲ್ಲಿ ಯಾವಾ, ನಮ್ಮ ಬಾಯಲ್ಲಿ ಜಾವಾ. ಇಂಡೊನೇಷ್ಯಾದ ಜಾವಾ ದ್ವೀಪಕ್ಕೂ ಇದಕ್ಕೂ ಸಂಬಂಧವಿಲ್ಲ.

ಆ ಮೊದಲ ಗಾಡಿ ಭಾರಿಯಾಗಿತ್ತು, ಬೆಲೆಯೂ ಭಾರಿ. ಮಾರುಕಟ್ಟೆಗೆ ಬಂದದ್ದಾದರೂ ಯಾವಾಗ? ಜಗತ್ತೆಲ್ಲ ಆರ್ಥಿಕ ಕುಸಿತದಲ್ಲಿ ಮುಳುಗುತ್ತಿದ್ದಾಗ. ಕೊಳ್ಳುವವರು ಕಡಿಮೆಯಾದರು. ಆಗ ಕಂಪನಿಯನ್ನು ದಡ ಸೇರಿಸಿದ್ದು 1932ರಲ್ಲಿ ಹೊರಬಂದ 175 ಸಿ.ಸಿ.ಯ ಸಣ್ಣ ಗಾಡಿ. ವಿನ್ಯಾಸ ಮಾಡಿದವನು ಜಾರ್ಜ್ ಪ್ಯಾಚೆಟ್ ಎಂಬ ಇಂಗ್ಲಿಷರವನು. ಎಂಜಿನ್ನೂ ಇಂಗ್ಲೆಂಡಿನ ವಿಲಿಯರ್ಸ್ ಕಂಪನಿಯದೇ. ಹಗುರ, ಅಗ್ಗ, ದುರಸ್ತಿಗೆ ಸುಲಭ. ಜನ ಕೊಂಡರು. ಅದೇ ದಶಕದಲ್ಲಿ ಇನ್ನೂ ಚಿಕ್ಕದಾದ, 98 ಸಿ.ಸಿ.ಯ ‘ರೋಬೋಟ್’ ಬಂತು. (ರೋಬೋಟ್ ಎಂಬ ಪದವನ್ನು ಲೋಕಕ್ಕೆ ಕೊಟ್ಟದ್ದೂ ಅದೇ ದೇಶದ ನಾಟಕಕಾರ ಕಾರೆಲ್ ಚಾಪೆಕ್.)

ಆ 175ರ ಗುಟ್ಟು ಇದ್ದದ್ದು ಟೂ ಸ್ಟ್ರೋಕ್ ಎಂಜಿನ್ನಿನಲ್ಲಿ. ಫೋರ್ ಸ್ಟ್ರೋಕ್ ಎಂಜಿನ್ನಿನಲ್ಲಿ ಪಿಸ್ಟನ್ ನಾಲ್ಕು ಸಲ ಚಲಿಸಿದಾಗ ಒಮ್ಮೆ ಪೆಟ್ರೋಲ್ ಹೊತ್ತಿಕೊಂಡು ಶಕ್ತಿ ಬರುತ್ತದೆ. ಟೂ ಸ್ಟ್ರೋಕಿನಲ್ಲಿ ಎರಡೇ ಚಲನೆಗೆ ಒಮ್ಮೆ. ಇಂಥ ಗಾಡಿಗಳ ಎಂಜಿನ್ನಿನಲ್ಲಿ ವಾಲ್ವುಗಳ ಗೊಡವೆ ಇಲ್ಲ, ಬೇರೆ ಎಣ್ಣೆ ತೊಟ್ಟಿಯೂ ಇಲ್ಲ. ಪೆಟ್ರೋಲಿಗೇ ಆಯಿಲ್ ಬೆರೆಸಿ ಹಾಕಿದರೆ ಸಾಕು. ಹಳ್ಳಿಯ ಮೆಕ್ಯಾನಿಕ್ ಮರದ ನೆರಳಲ್ಲಿ ಕೂತು ಬಿಚ್ಚಿ ಜೋಡಿಸಬಹುದಾದ ಎಂಜಿನ್ ಅದು. ಆದರೆ ಅದಕ್ಕೊಂದು ದೋಷವೂ ಇದೆ. ಒಳಗೆ ಬಂದ ಪೆಟ್ರೋಲಿನ ಒಂದಷ್ಟು ಪಾಲು ಉರಿಯದೆಯೇ ಹೊಗೆಯ ಜೊತೆ ಹೊರಹೋಗುತ್ತದೆ, ಬೆರೆಸಿದ ಆಯಿಲ್ ಸುಟ್ಟು ಹೊಗೆಯಾಗುತ್ತದೆ. ಪೆಟ್ರೋಲ್ ಅಗ್ಗವಿದ್ದಷ್ಟು ದಿನ ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ.

ಎರಡನೆಯ ಮಹಾಯುದ್ಧದಲ್ಲಿ ಜರ್ಮನರ ಆಳ್ವಿಕೆಯಡಿ ಗುಟ್ಟಾಗಿ ರೂಪುಗೊಂಡ 250 ಸಿ.ಸಿ. ಗಾಡಿ 1946ರಲ್ಲಿ ಹೊರಬಂತು. ಮೈಸೂರಿನ ಜಾವಾ ಈ ವಂಶದ್ದು. 1950ರ ದಶಕದಲ್ಲಿ ಮುಂಬೈಯ ರುಸ್ತುಂ ಇರಾನಿ ಮತ್ತು ಫಾರೂಕ್ ಇರಾನಿ ಜಾವಾ ಗಾಡಿಗಳನ್ನು ತರಿಸಿ ಮಾರುತ್ತಿದ್ದರು. ಸರ್ಕಾರ ಆಮದಿಗೆ ಕಡಿವಾಣ ಹಾಕಿತು. ಇಲ್ಲಿಯೇ ತಯಾರಿಸುವುದೊಂದೇ ಉಳಿದ ದಾರಿ. ಹಾಗೆ ಹುಟ್ಟಿದ್ದು ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ. 1961ರಲ್ಲಿ ಅದನ್ನು ಉದ್ಘಾಟಿಸಿದವರು ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರ್.

ಈ ಗಾಡಿಯ ಎಡಬದಿಯ ಲಿವರ್ ಒಂದು ಸೋಜಿಗ. ಹಿಂದಕ್ಕೆ ತಿರುಗಿಸಿ ತುಳಿದರೆ ಅದು ಕಿಕ್ಕರ್. ಎಂಜಿನ್ ಹೊತ್ತಿಕೊಂಡ ಮೇಲೆ ಮುಂದಕ್ಕೆ ಮರಳಿಸಿದರೆ ಅದೇ ಗೇರು. ಬುಲೆಟ್ ಓಡಿಸಿ ರೂಢಿಯಿದ್ದವನೂ ಜಾವಾ ಹತ್ತಿದರೆ ಒಂದು ಗಳಿಗೆ ಕಾಲಿನ ಕೆಳಗೆ ಹುಡುಕಾಡಬೇಕು.

ಜೆಕ್ ಕಂಪನಿಯೊಡನೆ ಒಪ್ಪಂದ ಮುಗಿದ ಮೇಲೆ, 1973ರ ಹೊತ್ತಿಗೆ ಗಾಡಿಯ ಹೆಸರು ಯೆಜ್ಡಿ ಎಂದಾಯಿತು. ಇರಾನಿನ ಯಜ್ದ್ ಪಟ್ಟಣದಿಂದ ಬಂದ ಹೆಸರು ಎನ್ನುತ್ತಾರೆ. ಜೆಕ್ ಭಾಷೆಯಲ್ಲಿ ‘ಯೆಜ್ಡಿ’ ಎಂದರೆ ‘ಓಡುತ್ತದೆ’ ಎಂಬರ್ಥವಿರುವುದು ವಿಶೇಷ. 1978ರಲ್ಲಿ ರೋಡ್‌ಕಿಂಗ್ ಬಂತು. ಮೈಸೂರಿನ ಕಾರ್ಖಾನೆ ಸಣ್ಣ ಗಾಡಿಗಳನ್ನೂ ಮಾಡದೆ ಇರಲಿಲ್ಲ. 50 ಸಿ.ಸಿ.ಯ ಜೆಟ್, 60 ಸಿ.ಸಿ.ಯ ಕೋಲ್ಟ್ ಅಲ್ಲಿಯವೇ. ಆದರೆ ಜನರ ನೆನಪಿನಲ್ಲಿ ಉಳಿದದ್ದು 250 ಮಾತ್ರ. ಸಣ್ಣ ಗಾಡಿಗೆ ಕೊಡಬೇಕಾದ ಗಮನ ಅಲ್ಲಿ ಸಿಗಲಿಲ್ಲವೆಂದೇ ತೋರುತ್ತದೆ.

ಆ ಜಾಗವನ್ನು ಬೇರೆಯವರು ತುಂಬಿದರು. 1984ರಲ್ಲಿ ಹೊಸೂರಿನಿಂದ ಇಂಡ್-ಸುಜುಕಿ, ಮರುವರ್ಷ ಹೀರೊ ಹೋಂಡಾ ಸಿಡಿ 100 ಮತ್ತು ಯಮಹಾ ಆರ್‌ಎಕ್ಸ್ 100. ಎಲ್ಲವೂ 100 ಸಿ.ಸಿ. ಆಸುಪಾಸಿನವು. ಅವುಗಳಲ್ಲಿ ಫೋರ್ ಸ್ಟ್ರೋಕ್ ಎಂಜಿನ್ನಿನ ಹೀರೊ ಹೋಂಡಾ ಲೀಟರಿಗೆ 80 ಕಿ.ಮೀ. ಎಂದು ಜಾಹೀರಾತು ಕೊಟ್ಟಿತು. ಯೆಜ್ಡಿ ಅದರ ಅರ್ಧ ದೂರವೂ ಹೋಗುತ್ತಿರಲಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಭತ್ತದ ದುಡ್ಡು ಕಂಡ ಗಂಗಾವತಿಯ ಗಿರಣಿ ಮಾಲೀಕನಿಗೆ ಪೆಟ್ರೋಲಿನ ಖರ್ಚು ದೊಡ್ಡದಾಗಿರಲಿಕ್ಕಿಲ್ಲ. ಮಳೆಯನ್ನೇ ನಂಬಿದ ಕುಷ್ಟಗಿ, ಯಲಬುರ್ಗಾದ ಒಕ್ಕಲಿಗನ ಲೆಕ್ಕವೇ ಬೇರೆ. ಅವನು ಗಾಡಿ ಕೊಳ್ಳುವ ಮೊದಲು ಕೇಳುವುದು ‘ಎವರೇಜ್ ಎಷ್ಟು?’ ಎಂದು. ಪ್ರಾಗ್‌ನ ಗಿರಾಕಿ 1932ರಲ್ಲಿ ಜಾವಾ 175ರ ಮುಂದೆ ನಿಂತು ಹಾಕಿದ್ದೂ ಹೆಚ್ಚುಕಡಿಮೆ ಇದೇ ಲೆಕ್ಕ. ಈ ಸಲ ಲೆಕ್ಕ ಮೈಸೂರಿನ ವಿರುದ್ಧ ಬಂತು. ಅದರ ಮೇಲೆ ಹೊಗೆಯ ನಿಯಮಗಳು ಬಿಗಿಯಾದವು, ಕಾರ್ಮಿಕ ತಕರಾರುಗಳೂ ಸೇರಿಕೊಂಡವು. 1996ರಲ್ಲಿ ತಯಾರಿಕೆ ನಿಂತಿತು.

ರಾಯಚೂರಿನಿಂದ ಬೇರ್ಪಟ್ಟು ಕೊಪ್ಪಳ ಜಿಲ್ಲೆಯಾದದ್ದು 1997ರಲ್ಲಿ. ಆದ್ದರಿಂದ ಈ ನಾಲ್ಕು ತಾಲ್ಲೂಕುಗಳಲ್ಲಿ ಹೊಸದಾಗಿ ಕೊಂಡ ಮೈಸೂರಿನ ಗಾಡಿಗಳು ಹೊತ್ತದ್ದು ರಾಯಚೂರಿನ ನೋಂದಣಿ; ಕೆಎ 37 ಬರುವ ವೇಳೆಗೆ ಕಾರ್ಖಾನೆಯೇ ಇರಲಿಲ್ಲ. 2018ರಲ್ಲಿ ಮಹೀಂದ್ರ ಸಮೂಹದ ಕ್ಲಾಸಿಕ್ ಲೆಜೆಂಡ್ಸ್ ಜಾವಾ ಹೆಸರನ್ನು ಮತ್ತೆ ತಂದಿತು, 2022ರಲ್ಲಿ ಯೆಜ್ಡಿಯನ್ನೂ. ಈಗಿನವು ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗುವ ಫೋರ್ ಸ್ಟ್ರೋಕ್ ಗಾಡಿಗಳು. ಪೆಟ್ರೋಲಿಗೆ ಆಯಿಲ್ ಬೆರೆಸಬೇಕಿಲ್ಲ, ಕಿಕ್ಕರನ್ನೇ ಗೇರಾಗಿಸುವ ವಿದ್ಯೆಯೂ ಬೇಕಿಲ್ಲ. ಹಳೆಯ ಗಾಡಿ ಇಟ್ಟುಕೊಂಡವರು ಜುಲೈ ತಿಂಗಳ ಎರಡನೆಯ ಭಾನುವಾರ ಬೆಂಗಳೂರು, ಮೈಸೂರುಗಳಲ್ಲಿ ಕೂಡಿ ‘ಜಾವಾ ದಿನ’ ಆಚರಿಸುತ್ತಾರೆ. ಅಂದು ಬೀದಿಯ ತುಂಬ ಅದೇ ಬಿಳಿ ಹೊಗೆ.